ಕಾರ್ಖಾನೆಯ ನೀರಿನಲ್ಲಿರುವ ಗಸಿಯನ್ನು ತೂಗುವ ಕ್ರಮ

ಸಕ್ಕರೆ ಕಾರ್ಖಾನೆಗಳಿರುವ ಸೀಮೆಯಲ್ಲಿ ಕಬ್ಬು ಅರೆಯುವ ಕಾಲ ಬಂದಿತೆಂದರೆ ಹಳ್ಳದ ಕೆಳಗಿನ ಜಮೀನುದಾರರು ನೀರು ಕದಡಿದೆಯೆಂದೂ ಗದ್ದೆಯ ಮೇಲೆ ಪದರ ಕಟ್ಟಿದೆಯೆಂದೂ ದೂರುವುದುಂಟು. ಕಾರ್ಖಾನೆಯವರಾದರೋ ನೀರು ಮಿತಿಯೊಳಗೇ ಇದೆಯೆನ್ನುತ್ತಾರೆ. ಇಬ್ಬರ ಮಾತೂ ನಿಜವಾಗಿರುವ ಸಂಭವವಿದೆ. ಅದು ಹೇಗೆಂದು ತಿಳಿಯಬೇಕಾದರೆ ಗಸಿಯನ್ನು ತೂಗುವ ಬಗೆಯನ್ನು ಅರಿಯಬೇಕು.

ಗಸಿಯೆಂದರೆ ಇಲ್ಲಿ ನೀರಿನಲ್ಲಿ ಕರಗದೆ ತೇಲಾಡುವ ಮಣ್ಣು, ನಾರು ಮುಂತಾದ ಕಣಗಳು. ಪ್ರಯೋಗಶಾಲೆಯಲ್ಲಿ ಗಾಜಿನ ಎಳೆಗಳಿಂದಾದ ತೆಳ್ಳನೆಯ ಸೋಸುಬಿಲ್ಲೆಯೊಂದನ್ನು ತೊಳೆದು, ಒಣಗಿಸಿ, ಮೊದಲು ತೂಗುತ್ತಾರೆ. ಬಳಿಕ ಸೀಸೆಯನ್ನು ಚೆನ್ನಾಗಿ ಕುಲುಕಿ, ಅಳತೆಯ ನೀರನ್ನು ಅದರಲ್ಲಿ ಸೋಸಿ, ಬಿಲ್ಲೆಯನ್ನು 103ರಿಂದ 105 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಣಗಿಸಿ, ತೇವ ತಗಲದಂತೆ ಆರಿಸಿ, ತೂಕ ಸ್ಥಿರವಾಗುವವರೆಗೆ ಮತ್ತೆ ಮತ್ತೆ ತೂಗುತ್ತಾರೆ. 100 ಮಿಲಿಲೀಟರು ನೀರಿಗೆ ಬಿಲ್ಲೆಯ ತೂಕ 8 ಮಿಲಿಗ್ರಾಂ ಹೆಚ್ಚಿದರೆ ಲೀಟರಿಗೆ 80 ಮಿಲಿಗ್ರಾಂ ಗಸಿಯಿದೆಯೆಂದು ಲೆಕ್ಕ. ಬಣ್ಣ, ಕರಗಿದ ಉಪ್ಪು, ಸಕ್ಕರೆಯ ಅಂಶ ಇವು ಬಿಲ್ಲೆಯನ್ನು ದಾಟಿ ಹೋಗುವುದರಿಂದ ಈ ತೂಕಕ್ಕೆ ಸೇರುವುದಿಲ್ಲ. ಅವಕ್ಕೆ ಬೇರೆ ಪರೀಕ್ಷೆಗಳುಂಟು.

2016ರಲ್ಲಿ ತಿದ್ದುಪಡಿಯಾದ ಪರಿಸರ ಸಂರಕ್ಷಣಾ ನಿಯಮಗಳಂತೆ ಸಕ್ಕರೆ ಕಾರ್ಖಾನೆಯು ಹೊಳೆಹಳ್ಳಗಳಿಗೆ ಬಿಡುವ ನೀರಿನಲ್ಲಿ ಗಸಿಯು ಲೀಟರಿಗೆ 30 ಮಿಲಿಗ್ರಾಂ, ಭೂಮಿಗೆ ಬಿಡುವ ನೀರಿನಲ್ಲಿ 100 ಮಿಲಿಗ್ರಾಂ ಮೀರಕೂಡದು. ಹೀಗಾಗಿ ಮೇಲೆ ಹೇಳಿದ 80 ಮಿಲಿಗ್ರಾಮಿನ ನೀರು ಭೂಮಿಗಾದರೆ ಸಮ್ಮತ, ಹಳ್ಳಕ್ಕಾದರೆ ನಿಷಿದ್ಧ. ವರದಿಯ ಅಂಕಿಯನ್ನು ನೋಡುವ ಮೊದಲು ನೀರು ಎಲ್ಲಿಗೆ ಹೋಗುತ್ತಿದೆಯೆಂದು ಕೇಳತಕ್ಕದ್ದು. ಭೂಮಿಗೆ ಸಮ್ಮತವಾದದ್ದೂ ಪೂರ್ತಿ ನಿರಪಾಯವೆನ್ನಲಾಗದು. ಇದೇ ನೀರನ್ನು ಎಕರೆಗೆ 2 ಅಂಗುಲ ನಿಲ್ಲಿಸಿದರೆ ಒಂದು ಸಲಕ್ಕೆ ಸುಮಾರು 16 ಕಿಲೋಗ್ರಾಂ ಗಸಿ ಬೀಳುತ್ತದೆ. ಒಂದೇ ಮಡಿಗೆ ಪದೇ ಪದೇ ಹಾಯಿಸಿದಲ್ಲಿ ಮಣ್ಣಿನ ರಂಧ್ರಗಳು ಮುಚ್ಚಿ ನೀರು ಇಂಗುವುದು ತಡವಾಗುತ್ತದೆ. ಎರೆಭೂಮಿಯಲ್ಲಿ ಈ ಬಾಧೆ ಹೆಚ್ಚು.

ತಕ್ಕಡಿ ಎಷ್ಟು ನಯವಾದದ್ದಾದರೂ ಸೀಸೆ ತುಂಬುವಲ್ಲಿ ತಪ್ಪಿದರೆ ವರದಿಗೆ ಬೆಲೆಯಿಲ್ಲ. ಕಾಲುವೆಯ ತಳವನ್ನು ಕೆದಕಿ ತುಂಬಿದರೆ ಗಸಿ ಹೆಚ್ಚಾಗಿಯೂ, ನಿಂತ ನೀರಿನ ಮೇಲ್ಭಾಗದಿಂದ ತುಂಬಿದರೆ ಕಡಿಮೆಯಾಗಿಯೂ ತೋರುವುದು. ಹರಿವಿನ ನಡುವಿನಿಂದ, ಕಾರ್ಖಾನೆಯ ನೆಲ ತೊಳೆಯುವ ವೇಳೆಯೂ ಸೇರುವಂತೆ ಹಲವು ಗಂಟೆಗಳ ನೀರನ್ನು ಕೂಡಿಸಿ ಪರೀಕ್ಷಿಸುವುದೇ ನ್ಯಾಯ. ಮುಂಚಿತವಾಗಿ ತಿಳಿಸಿ ತುಂಬಿದ ಒಂದೇ ಸೀಸೆಯನ್ನು ನಂಬುವುದು ಅಷ್ಟು ಯುಕ್ತವಲ್ಲ.

ಗ್ರಾಮಸ್ಥರು ತಾವೇ ತುಂಬಿದ ಸೀಸೆಯನ್ನು ನ್ಯಾಯಾಲಯಕ್ಕೆ ಸಾಕ್ಷಿಯಾಗಿ ಒಯ್ಯಬಹುದೆಂದು ಭಾವಿಸುವುದುಂಟು. 1974ರ ಜಲ ಮಾಲಿನ್ಯ ಕಾಯಿದೆಯ 21ನೆಯ ಪ್ರಕರಣದಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯು ಕಾರ್ಖಾನೆಯವರಿಗೆ ಸ್ಥಳದಲ್ಲಿಯೇ ನೋಟೀಸು ಕೊಟ್ಟು, ಅವರೆದುರಿಗೆ ನೀರನ್ನು ಎರಡು ಭಾಗ ಮಾಡಿ, ಮೊಹರು ಮಾಡಿ, ಇಬ್ಬರೂ ರುಜು ಹಾಕಬೇಕು. ಈ ಕ್ರಮ ತಪ್ಪಿದರೆ ಅಧಿಕಾರಿಯ ಮಾದರಿಯ ಪರೀಕ್ಷೆಯೂ ಸಾಕ್ಷ್ಯವಾಗದು. ಆದಕಾರಣ ಗ್ರಾಮದ ಮುಖಂಡರು ನೀರು ಕದಡುವ ದಿನ, ಗಂಟೆ, ಸ್ಥಳಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದರ ಪ್ರತಿಯನ್ನು ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳುಹಿಸಿ, ಅದೇ ಗಂಟೆಗೆ ಅಧಿಕಾರಿಯು ಬರಬೇಕೆಂದು ಅರ್ಜಿ ಮಾಡುವುದು ಮೇಲು.