ಆಟಿಸಂ ಇರುವ ಮಗುವಿಗೆ ಹಾಲು ಬಿಡಿಸುವ ಮುನ್ನ



ಆಟಿಸಂ ಇರುವ ಮಗುವಿಗೆ ಹಾಲು, ಗೋಧಿ ನಿಲ್ಲಿಸಿದರೆ ಮಾತು ಬರುತ್ತದೆಂದು ನಿಮಗೂ ಯಾರಾದರೂ ಹೇಳಿರಬಹುದು. ಹಾಲಿನ ಪತ್ರಿಕೆ ಹಾಲಿನ ಪರವಾಗಿಯೇ ಮಾತಾಡುತ್ತದೆ ಎನ್ನಬೇಡಿ, ಸ್ವಲ್ಪ ಓದಿ.

ಈ ಪಥ್ಯದಲ್ಲಿ ಹಾಲಿನ ಕೇಸಿನ್, ಗೋಧಿಯ ಗ್ಲುಟೆನ್ ಎಂಬ ಪ್ರೋಟೀನುಗಳನ್ನು ಬಿಡಿಸುತ್ತಾರೆ. ಮೊಸರು, ಮಜ್ಜಿಗೆ, ಪನೀರು, ನಮ್ಮ ಕುಂದಾ ಎಲ್ಲದರಲ್ಲೂ ಕೇಸಿನ್ ಇದೆ. ಹಸು, ಎಮ್ಮೆ, ನಾಟಿ ತಳಿ ಎಂಬ ಭೇದವಿಲ್ಲ. ಇದರಿಂದ ಆಟಿಸಂಗೆ ಪ್ರಯೋಜನವಿದೆ ಎನ್ನಲು ಆಧಾರ ಸಾಲದೆಂದು 2008ರ ಕೊಕ್ರೇನ್ ಪರಾಮರ್ಶೆ ಹೇಳಿದೆ. ಹಾಲಿನ ಅಲರ್ಜಿ ಅಥವಾ ಸಿಲಿಯಾಕ್ ಕಾಯಿಲೆ ಇದ್ದರೆ ಮಾತು ಬೇರೆ. ಸಿಲಿಯಾಕ್ ರಕ್ತಪರೀಕ್ಷೆ ಗೋಧಿ ನಿಲ್ಲಿಸುವ ಮೊದಲೇ ಆಗಬೇಕು. ಆಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೇ ಹೋಗಬಹುದು.

ವೈದ್ಯರು ಒಪ್ಪಿದರೆ ಗೋಧಿ ಬಿಡಿಸುವುದು ನಮ್ಮ ಕಡೆ ಕಷ್ಟವಲ್ಲ. ಜೋಳದ ರೊಟ್ಟಿ, ಅಕ್ಕಿ, ನವಣೆಯಲ್ಲಿ ಗ್ಲುಟೆನ್ ಇಲ್ಲ. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿಸಬೇಡಿ, ಅಷ್ಟೇ.

ಹಾಲಿನದೇ ಕಷ್ಟ. 100 ಗ್ರಾಂ ಆಕಳ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ರಾಗಿಯಲ್ಲಿ 340ಕ್ಕೂ ಹೆಚ್ಚು. ಆದರೆ ಮಗು ರಾಗಿ ತಿನ್ನಬೇಕಲ್ಲ! ಇಂಥ ಹಲವು ಮಕ್ಕಳು ಎರಡು-ಮೂರು ಪದಾರ್ಥ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹಾಲು-ಚಪಾತಿಯಲ್ಲೇ ಬದುಕುವ ಕೂಸಿಗೆ ಎರಡನ್ನೂ ಒಮ್ಮೆಲೇ ನಿಲ್ಲಿಸಿದರೆ ಹೊಟ್ಟೆಗೆ ಏನು? ಬದಲಿ ಆಹಾರ ರೂಢಿಯಾದ ಮೇಲೆ ಒಂದೊಂದಾಗಿ ಬಿಡಿಸಿ. ಹಾಲಿನ ಪಾಸ್‌ಬುಕ್ಕಿನಂತೆ ತೂಕ, ನಿದ್ದೆ, ಮಲಬದ್ಧತೆ ಬರೆದಿಡಿ. ಮಾತಿನ ತರಬೇತಿ ತಪ್ಪಿಸಬೇಡಿ.

ಎಲ್ಲಿ ತೋರಿಸಬೇಕೆಂದು ತಿಳಿಯದಿದ್ದರೆ, ಅಂಗನವಾಡಿ ಮತ್ತು ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವನ್ನು ಕೇಳಿ.