ಸೀಳಿಗೆ ತಕ್ಕ ತಿರುಪುಳಿ

ಕೈಗಡಿಯಾರದ ಸ್ಟೀಲ್ ಚೈನು ಸಡಿಲವಾದರೆ ನೀವೇನು ಮಾಡುತ್ತೀರಿ? ಪೇಟೆಗೆ ಹೋದಾಗ ವಾಚ್ ರಿಪೇರಿಯವರ ಕೈಗೆ ಕೊಡುತ್ತೀರಿ. ಇಲ್ಲವೇ ಮನೆಯಲ್ಲಿ ಕೈಗೆ ಸಿಕ್ಕಿದ ಸ್ಕ್ರೂ ಡ್ರೈವರ್ ಹಿಡಿದು ನೀವೇ ಕೂರುತ್ತೀರಿ. ನಾನು ಎರಡನೆಯ ಗುಂಪಿನವನು. ಇಪ್ಪತ್ತೈದು ವರ್ಷ ಮಕ್ಕಳಿಗೆ ಸರಳ ಯಂತ್ರಗಳ ಪಾಠ ಹೇಳಿದವನಿಗೆ ಒಂದು ತಿರುಪುಮೊಳೆ ಯಾವ ಲೆಕ್ಕ ಎಂಬ ಹಮ್ಮು ಬೇರೆ. ಆ ಹಮ್ಮು ಇಳಿದ ಕಥೆ ಇದು.

ಕೆಲವು ವರ್ಷಗಳ ಹಿಂದಿನ ಜುಲೈ ತಿಂಗಳು. ಕೊಡಗಿನ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ನೆರೆಮನೆಯ ನಿವೃತ್ತ ಸುಬೇದಾರರು ಕೊಡೆ ಮಡಚಿ ಜಗಲಿ ಹತ್ತಿದರು. ಸೇನೆಯಲ್ಲೇ ಇರುವ ಅವರ ಮಗ ರಜೆಗೆ ಬಂದಾಗ ಒಂದು ವಾಚು ತಂದುಕೊಟ್ಟಿದ್ದ. ಚೈನು ದೊಡ್ಡದಾಗಿ ಮೊಣಕೈವರೆಗೆ ಜಾರುತ್ತಿತ್ತು. "ಮಾಷ್ಟ್ರೇ, ನೀವು ಸೈನ್ಸಿನವರು, ಎರಡು ಕೊಂಡಿ ತೆಗೆದುಕೊಡಿ" ಎಂದರು.

ನನ್ನ ಹತ್ತಿರ ಇದ್ದದ್ದು ಕನ್ನಡಕದ ಸ್ಕ್ರೂ ಬಿಗಿಮಾಡುವ ಪುಟ್ಟ ಡ್ರೈವರ್. ಅದರ ತುದಿ ಸೀಳಿನ ಅರ್ಧದಷ್ಟೇ ಅಗಲ. ತಿರುಗಿಸಿದೆ, ಜಾರಿತು. ಮತ್ತೆ ಒತ್ತಿ ತಿರುಗಿಸಿದೆ. ಹೇಗೋ ಬಿಚ್ಚಿ, ಕೊಂಡಿ ತೆಗೆದು, ಪುನಃ ಹಾಕಿದೆ. ಆದರೆ ಅಷ್ಟರಲ್ಲಿ ಸೀಳಿನ ಅಂಚು ನಜ್ಜುಗುಜ್ಜಾಗಿ, ಕೊನೆಯ ಸುತ್ತು ಬಿಗಿಯಾಗಲೇ ಇಲ್ಲ. ನನಗದು ಗೊತ್ತಿತ್ತು, ಹೇಳಲಿಲ್ಲ.

ಹದಿನೈದು ದಿನದ ಮೇಲೆ, ನಾಟಿಯ ದಿವಸ, ಸುಬೇದಾರರ ವಾಚು ಗದ್ದೆಯಲ್ಲಿ ಕಳಚಿ ಬಿತ್ತು. ಸಂಜೆ ನೀರು ಕಟ್ಟಿಸಿ, ನಾಟಿಗೆ ಬಂದ ಹೆಂಗಸರೆಲ್ಲ ಕೆಸರಲ್ಲಿ ಕೈಯಾಡಿಸಿ ಹುಡುಕಿದರು. ಕತ್ತಲಾಗುವ ಹೊತ್ತಿಗೆ ಸಿಕ್ಕಿತು. ವಾಚು ನಡೆಯುತ್ತಿತ್ತು, ಚೈನಿನ ಒಂದು ಸ್ಕ್ರೂ ಮಾತ್ರ ಇರಲಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದದ್ದೇ ಕಷ್ಟವಾಯಿತು.

ಮರುದಿನ ನಾನೇ ವಾಚನ್ನು ಪೇಟೆಗೆ ಒಯ್ದೆ. ರಿಪೇರಿಯ ಹಿರಿಯರು ಕಣ್ಣಿಗೆ ಮಸೂರ ಏರಿಸಿ ಉಳಿದ ಸ್ಕ್ರೂ ನೋಡಿ, "ತುದಿ ಸಣ್ಣದಾಯಿತು" ಎಂದರು, ಅಷ್ಟೇ. ಎರಡೇ ಪದವಾದರೂ ಅದರಲ್ಲಿ ನಮ್ಮ ಪಠ್ಯದ ಒಂದು ಅಧ್ಯಾಯವೇ ಇತ್ತು.

ತಿರುಪುಳಿ ತಿರುಗುವಾಗ ಅದರ ತುದಿಯ ಎರಡು ಮೂಲೆಗಳು ಸೀಳಿನ ಗೋಡೆಗಳನ್ನು ವಿರುದ್ಧ ದಿಕ್ಕಿಗೆ ತಳ್ಳುತ್ತವೆ. ಇದೇ ಬಲಯುಗ್ಮ. ತುದಿಯ ಅಗಲ ಅರ್ಧವಾದರೆ ಅಷ್ಟೇ ತಿರುಚುವಿಕೆಗೆ ಇಮ್ಮಡಿ ಬಲ ಬೇಕು. ಆ ಬಲ ಬೀಳುವ ಅಂಚಿನ ಉದ್ದವೂ ಅರ್ಧವಾಗುವುದರಿಂದ ಒತ್ತಡ ಹೆಚ್ಚುಕಡಿಮೆ ನಾಲ್ಕು ಪಟ್ಟು. ಸೀಳು ಹರಿಯದೆ ಇನ್ನೇನಾದೀತು? ಹಾಗೆಂದು ತುದಿ ಸೀಳಿಗಿಂತ ಅಗಲವಾದರೂ ಆಗದು. ಅದು ಪಕ್ಕದ ಹೊಳಪನ್ನು ಗೀರುತ್ತದೆ.

ಅಗಲದಷ್ಟೇ ಮುಖ್ಯವಾದದ್ದು ದಪ್ಪ. ತುದಿ ತೀರಾ ತೆಳುವಾದರೆ ಸೀಳಿನೊಳಗೆ ಅಲುಗಾಡಿ ಅಂಚಿಗೆ ಮಾತ್ರ ತಾಗುತ್ತದೆ. ದಪ್ಪವಾದರೆ ತಳ ಮುಟ್ಟದೆ ಮೇಲೆದ್ದು ಜಾರುತ್ತದೆ. ಸರಿಯಾದ ತುದಿ ತಳಕ್ಕೆ ಕೂತು, ಎಡಬಲ ಅಲುಗದೆ ನಿಲ್ಲಬೇಕು. ರಿಪೇರಿಯವರು ಆಗಾಗ ತುದಿಯನ್ನು ಎಣ್ಣೆ ಹಚ್ಚಿದ ಸಾಣೆಕಲ್ಲಿನ ಮೇಲೆ ಉಜ್ಜಿ ಹದಮಾಡಿಕೊಳ್ಳುವುದು ಇದಕ್ಕೇ.

ಗಡಿಯಾರದ ತಿರುಪುಳಿಗಳನ್ನು ತುದಿಯ ಅಗಲದ ಮೇಲೆ ಮಾರುತ್ತಾರೆ: 0.8, 1.0, 1.2, 1.4, 1.6 ಮಿಲಿಮೀಟರ್, ಹೀಗೆ. ಚೈನಿನ ಸ್ಕ್ರೂಗಳಿಗೆ ಹೆಚ್ಚಾಗಿ ಒಂದರಿಂದ ಎರಡು ಮಿಲಿಮೀಟರಿನ ಒಳಗಿನವು ಸಾಕು. ಹಿಡಿಯ ತಲೆ ತನ್ನಷ್ಟಕ್ಕೆ ತಿರುಗುವಂತಿದ್ದರೆ ಒಳ್ಳೆಯದು. ತೋರುಬೆರಳು ತಲೆಯನ್ನು ಒತ್ತಿ ಹಿಡಿದಿರಲಿ, ಹೆಬ್ಬೆರಳು ಮತ್ತು ನಡುಬೆರಳು ತಿರುಗಿಸಲಿ. ಜಾರುವುದನ್ನು ತಡೆಯುವುದು ಈ ಒತ್ತುವಿಕೆಯೇ. ತುದಿಗೆ ಕಾಂತತ್ವ ಇರದಂತೆಯೂ ನೋಡಿಕೊಳ್ಳಿ. ಕೀಲಿ ಕೊಡುವ ವಾಚಿನ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಕಾಂತತ್ವ ಹತ್ತಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ಮುಂದೆ ಓಡತೊಡಗುತ್ತದೆ.

ಇಷ್ಟೆಲ್ಲಕ್ಕೂ ಮೊದಲು ಒಂದು ಪ್ರಶ್ನೆ: ನಿಮ್ಮ ಚೈನಿನಲ್ಲಿರುವುದು ಸ್ಕ್ರೂವೋ ಪಿನ್ನೋ? ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿದ ಎಚ್‌ಎಂಟಿ ನಮ್ಮ ಎಷ್ಟೋ ಮನೆಗಳ ಮೊದಲ ವಾಚು. ಆ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ವಾಚುಗಳು ಮಾತ್ರ ಇಂದಿಗೂ ಕೈಯಲ್ಲಿವೆ. ಅಂಥ ಹಳೆಯ ವಾಚಿನ ಚೈನುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪಿನ್ನು. ಸೀಳಿದ ಪಿನ್ನಿನ ತುದಿಯೂ ಸ್ಕ್ರೂವಿನ ಸೀಳಿನಂತೆಯೇ ತೋರಿ ಮೋಸಮಾಡುತ್ತದೆ. ಕೊಂಡಿಯ ಒಳಮೈಯಲ್ಲಿ ಬಾಣದ ಗುರುತಿದ್ದರೆ ಅದು ಪಿನ್ನೆಂದೇ ತಿಳಿಯಿರಿ. ಬಾಣದ ದಿಕ್ಕಿಗೆ ತಳ್ಳಿ ತೆಗೆಯಬೇಕು, ಬಾಣಕ್ಕೆ ಎದುರಾಗಿ ಹಾಕಬೇಕು. ಅಲ್ಲಿ ತಿರುಪುಳಿಗೆ ಕೆಲಸವಿಲ್ಲ.

ಸ್ಕ್ರೂ ಆದರೆ ಬಿಳಿ ಬಟ್ಟೆ ಹಾಸಿ ಕೂರಿ. ಬಿದ್ದ ಸ್ಕ್ರೂ ಕಾಣುತ್ತದೆ, ಉರುಳುವುದೂ ಇಲ್ಲ. ಚೈನು ಅಲುಗದಂತೆ ಹಿಡಿದು, ತಿರುಪುಳಿಯನ್ನು ನೇರವಾಗಿ ಕೂರಿಸಿ ಎಡಕ್ಕೆ ತಿರುಗಿಸಿ. ಮಿಸುಕದಿದ್ದರೆ ಬಲ ಹೆಚ್ಚಿಸಬೇಡಿ. ಕಂಪನಿಯವರು ಎಳೆಗೆ ಅಂಟು ಹಚ್ಚಿರಬಹುದು. ಚೈನನ್ನು ವಾಚಿನಿಂದ ಬೇರ್ಪಡಿಸಿ, ಚೈನು ಮಾತ್ರ ಬಿಸಿನೀರಿನಲ್ಲಿ ಐದಾರು ನಿಮಿಷ ಇಟ್ಟರೆ ಕೆಲವೊಮ್ಮೆ ಸಡಿಲುತ್ತದೆ. ಆಗಲೂ ಬಾರದಿದ್ದರೆ ರಿಪೇರಿಯವರ ಬಳಿಗೆ ಹೋಗುವುದೇ ಜಾಣತನ. ಕೊಂಡಿಗಳನ್ನು ಎರಡೂ ಬದಿಯಿಂದ ಸಮವಾಗಿ ತೆಗೆಯಿರಿ. ಇಲ್ಲದಿದ್ದರೆ ಬಕಲ್ ಮಣಿಕಟ್ಟಿನ ಪಕ್ಕಕ್ಕೆ ಸರಿಯುತ್ತದೆ. ಪುನಃ ಹಾಕುವಾಗ ಸ್ಕ್ರೂ ತಲೆ ಪೂರ್ತಿ ಕೂತಿತೇ ಎಂದು ಮಸೂರದಲ್ಲಿ ನೋಡಿ. ತೆಗೆದ ಕೊಂಡಿಗಳನ್ನು ಎಸೆಯಬೇಡಿ, ಸ್ಕ್ರೂ ಸಮೇತ ಡಬ್ಬಿಯಲ್ಲಿಡಿ.

ಸುಬೇದಾರರ ಚೈನಿಗೆ ಹೊಸ ಸ್ಕ್ರೂ ಹಾಕಿಸಿಕೊಟ್ಟೆ, ನಡೆದದ್ದನ್ನೂ ಹೇಳಿದೆ. "ಸಡಿಲ ಇದೆ ಅಂತ ಅಂದೇ ಹೇಳಿದ್ದರೆ ಗದ್ದೆಗೆ ಕಟ್ಟಿಕೊಂಡು ಹೋಗುತ್ತಿರಲಿಲ್ಲ ಮಾಷ್ಟ್ರೇ" ಎಂದರು. ಕಳೆದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಮಣಿಕಟ್ಟು ಇನ್ನೂ ಸೊರಗಿತು. ಮತ್ತೆ ನನ್ನಲ್ಲಿಗೇ ಬಂದರು. ಈ ಸಲ ನಾನು ಮೊದಲು ಸೀಳನ್ನು ಅಳೆದೆ.