ಹಲಗೆ ಉಳಿಯಿತು, ಆಟ ಅಳಿಯಿತು

ಮೂರು ಹರಳುಗಳನ್ನು ಒಂದೇ ಸಾಲಿಗೆ ತಂದು ಎದುರಾಳಿಯ ಹರಳೊಂದನ್ನು ಎತ್ತುವ ಸಾಲುಮನೆ ಆಟವನ್ನು ನಮ್ಮ ಹಿರಿಯರು ಬಲ್ಲರು. ಚೀನಾ ದೇಶದಲ್ಲಿಯೂ ಇಂಥದೇ ಆಟವುಂಟು. ಅದಕ್ಕೆ 'ಸಾನ್‌ಚೀ', ಎಂದರೆ ಮೂರರ ಆಟ, ಎಂದು ಹೆಸರು. ಆಡುವ ಕೈಗಳು ಉಳಿದುದರಿಂದ ಅದರ ನಿಯಮವೂ ಉಳಿಯಿತು.

ಅದೇ ನಾಡಿನ 'ಲ್ಯೂಬೊ' ಆಟಕ್ಕೆ ಆ ಭಾಗ್ಯವಿರಲಿಲ್ಲ. ಇದು ಸಾಲು ಕೂಡಿಸುವ ಆಟವಲ್ಲ. ಒಬ್ಬೊಬ್ಬರಿಗೆ ಆರು ಕಾಯಿ, ಎಸೆಯಲು ಆರು ಕಡ್ಡಿ, ಗೆರೆ ಕೊರೆದ ಚೌಕ ಹಲಗೆ. ಹೊಟ್ಟೆ ತುಂಬ ಉಂಡು ಮನಸ್ಸನ್ನು ಯಾವುದರಲ್ಲೂ ತೊಡಗಿಸದೆ ಕುಳಿತಿರುವುದಕ್ಕಿಂತ ಇಂಥ ಆಟವಾಡುವುದಾದರೂ ಲೇಸೆಂಬುದು ಕನ್‌ಫ್ಯೂಷಿಯಸನ ಅಭಿಪ್ರಾಯ. ಹಾನ್ ಅರಸರ ಕಾಲದಲ್ಲಿ ಜನಪ್ರಿಯವಾಗಿದ್ದ ಈ ಆಟವು ಮುಂದೆ ಕೆಲವು ಶತಮಾನಗಳಲ್ಲಿ ಮರೆಯಾಯಿತು.

1973ರಲ್ಲಿ ಚಾಂಗ್ಶಾ ನಗರದ ಬಳಿ ಮಾವಾಂಗ್ದುಯಿ ಎಂಬಲ್ಲಿ, ಕ್ರಿ.ಪೂ. 168ರ ಗೋರಿಯೊಂದನ್ನು ಅಗೆದಾಗ ಅರಗಿನ ಬಣ್ಣದ ಪೆಟ್ಟಿಗೆಯಲ್ಲಿ ಹಲಗೆ, ಕಾಯಿ, ಹದಿನೆಂಟು ಮುಖದ ದಾಳ ಎಲ್ಲವೂ ದೊರೆತವು. ರೇಷ್ಮೆಯ ಮೇಲೆ ಬರೆದ ಹಲವು ಗ್ರಂಥಗಳೂ ಅಲ್ಲಿದ್ದವು. ಆಡುವ ಕ್ರಮವನ್ನು ತಿಳಿಸುವ ಬರಹ ಮಾತ್ರ ಸಿಗಲಿಲ್ಲ.

ದಾರಿ ತೋರಿದ್ದು ಮಕ್ಕಳ ಬಾಯಿಪಾಠ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಶೂ ಬೋಚಾಂಗ್ ಎಂಬ ನಿಪುಣ ಆಟಗಾರನು ಹಲಗೆಯ ಒಂಬತ್ತು ಸ್ಥಾನಗಳ ಹೆಸರನ್ನು ಹಿಂದಕ್ಕೂ ಮುಂದಕ್ಕೂ ಹೆಣೆದು ಒಂದು ಪದ್ಯ ಕಟ್ಟಿದ್ದನೆಂದೂ, ರಾಜಧಾನಿಯ ಸುತ್ತಣ ಮಕ್ಕಳೆಲ್ಲ ಅದನ್ನು ಹೇಳುತ್ತಿದ್ದರೆಂದೂ ಹಳೆಯ ಗ್ರಂಥವೊಂದು ದಾಖಲಿಸಿದೆ. ಬಹುಕಾಲ ಅದರ ಅರ್ಥ ಯಾರಿಗೂ ಬಗೆಹರಿಯಲಿಲ್ಲ. 1993ರಲ್ಲಿ ಜಿಯಾಂಗ್ಸು ಪ್ರಾಂತದ ಯಿನ್‌ವಾನ್ ಗೋರಿಯಲ್ಲಿ ಮರದ ಫಲಕವೊಂದು ದೊರೆಯಿತು. ಶಕುನ ನೋಡಲು ಬಳಸುತ್ತಿದ್ದ ಆ ಫಲಕದಲ್ಲಿ ಲ್ಯೂಬೊ ಹಲಗೆಯ ಚಿತ್ರವನ್ನು ಬರೆದು, ಅದರ ಗೆರೆಗಳ ಮೇಲೆ ಅರುವತ್ತು ದಿನಗಳ ಹೆಸರುಗಳನ್ನು ಹೊಂದಿಸಿದ್ದರು. ಪದ್ಯದ ಒಂಬತ್ತು ಹೆಸರುಗಳೂ ಅಲ್ಪ ವ್ಯತ್ಯಾಸದೊಡನೆ ಅಲ್ಲಿಯೇ ಇದ್ದವು! ದಿನಗಳ ಸರಣಿಯನ್ನು ಅನುಸರಿಸಿ ಕಾಯಿ ನಡೆಯುತ್ತಿದ್ದ ಹಾದಿಯನ್ನು ವಿದ್ವಾಂಸರು ಊಹಿಸಿದರು. ಆದರೆ ಇಂದು ಕೆಲವರು ಆಡುವ ಲ್ಯೂಬೊ ಬಹುಮಟ್ಟಿಗೆ ಪುನಾರಚನೆಯೇ. ಹಾದಿಗೆ ಆಧಾರವುಂಟು, ಕಾಯಿ ಹೊಡೆಯುವ ಬಗೆಗೆ, ಗೆಲುವಿನ ಎಣಿಕೆಗೆ ಅಷ್ಟು ಗಟ್ಟಿಯಾದ ಆಧಾರವಿಲ್ಲ. ಕಂಡುದನ್ನೂ ಊಹಿಸಿದುದನ್ನೂ ಬೇರೆ ಬೇರೆಯಾಗಿ ಹೇಳುವುದೇ ವಿದ್ವತ್ತಿನ ಪ್ರಾಮಾಣಿಕತೆ ಎಂದು ನಾವು ಭಾವಿಸುತ್ತೇವೆ.

ಹಂಪೆಯ ಮಂಟಪಗಳ ಕಲ್ಲುಹಾಸಿನಲ್ಲಿಯೂ ಆಟದ ಮನೆಗಳನ್ನು ಕೊರೆದಿರುವುದುಂಟು. ಕಲ್ಲು ಮನೆಯನ್ನು ಕಾಯಬಲ್ಲುದು, ಆಟವನ್ನು ಕಾಯಲಾರದು. ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಮನೆಯಲ್ಲಿ ಸಾಲುಮನೆ ಬಲ್ಲ ಅಜ್ಜ ಅಜ್ಜಿಯರಿದ್ದರೆ, ಮಕ್ಕಳನ್ನು ಅವರೆದುರು ಕೂಡಿಸಿರಿ. ಅವರು ಹೇಳುವ ನಿಯಮಗಳನ್ನು ಬರೆದಿಡಿರಿ. ಎರಡು ಸಾವಿರ ವರ್ಷ ಕಳೆದ ಮೇಲೆ ಗೋರಿ ಅಗೆದು ಹುಡುಕಬೇಕಾದುದನ್ನು ಇಂದು ಒಂದು ಸಂಜೆಯಲ್ಲಿ ಕೇಳಿ ತಿಳಿಯಬಹುದು.